ಟಿಕೆಟ್‌ನಲ್ಲಿ ಬಿಎ, ಆಕಾಶದಲ್ಲಿ ಸ್ಪೀಡ್‌ಬರ್ಡ್: ಒಂದೇ ವಿಮಾನಕ್ಕೆ ಎಷ್ಟು ಹೆಸರು?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿರುವ ನಿವೃತ್ತ ಅಧ್ಯಾಪಕ. ಮಗಳು ಬೆಂಗಳೂರಿನಿಂದ ಲಂಡನ್‌ಗೆ ಬ್ರಿಟಿಷ್ ಏರ್‌ವೇಸ್‌ನಲ್ಲಿ ಹೋಗಿಬರುತ್ತಾಳೆ; ಆಕೆ ಹೊರಟ ದಿನ ಮೊಬೈಲ್ ಆ್ಯಪ್‌ನಲ್ಲಿ ವಿಮಾನವನ್ನು ನೋಡುತ್ತ ಕೂರುವುದು ನನಗೆ ರೂಢಿಯಾಗಿದೆ. ಟಿಕೆಟ್‌ನಲ್ಲಿ ಬಿಎ ಎಂದಿದ್ದರೆ ಆ್ಯಪ್‌ನಲ್ಲಿ ಬಿಎಡಬ್ಲ್ಯು ಎಂದಿರುತ್ತದೆ. ಲಂಡನ್ನಿನಿಂದ ಮುಂದಕ್ಕೆ ಯೂರೋಪಿನೊಳಗೆ ಹೋಗುವ ವಿಮಾನದಲ್ಲಂತೂ ಸಂಖ್ಯೆಯೇ ಬೇರೆಯಾಗಿ, ಅಂಕಿಗಳ ಜೊತೆ ಅಕ್ಷರಗಳೂ ಸೇರಿರುತ್ತವೆ. ಕಳೆದ ಬಾರಿ ಅದನ್ನು ಕಂಡು, ಬೇರೆ ಯಾವುದೋ ವಿಮಾನವನ್ನು ನೋಡುತ್ತಿದ್ದೇನೆಂದು ಗಾಬರಿಯಾಯಿತು. ಅಂತರ್ಜಾಲದಲ್ಲಿರುವ ಧ್ವನಿಮುದ್ರಿಕೆಗಳನ್ನು ಕೇಳಿದರೆ ಪೈಲಟ್‌ಗಳು ‘ಸ್ಪೀಡ್‌ಬರ್ಡ್’, ‘ಕ್ಯಾಕ್ಟಸ್’, ‘ಡೈನಾಸ್ಟಿ’ ಎಂದೆಲ್ಲ ಹೇಳಿಕೊಳ್ಳುತ್ತಾರೆ. ನಮ್ಮ ಇಂಡಿಗೋ ‘ಐಫ್ಲೈ’ ಆಗುತ್ತದಂತೆ. ಇದು ಭದ್ರತೆಗಾಗಿ ಇಟ್ಟ ಗುಪ್ತನಾಮವೆಂದು ಒಬ್ಬ ಸ್ನೇಹಿತರು, ಬರೀ ಜಾಹೀರಾತೆಂದು ಇನ್ನೊಬ್ಬರು ಹೇಳುತ್ತಾರೆ. ಭಾರತದ ವಿಮಾನಗಳ ಮೇಲಿರುವ ವಿಟಿ ಎಂಬುದು ‘ವೈಸರಾಯ್ಸ್ ಟೆರಿಟರಿ’ ಎಂಬುದರ ಹ್ರಸ್ವರೂಪವೆಂದೂ ಓದಿದ್ದೇನೆ. ನನ್ನ ಅಣ್ಣನ ಮಗ ಈಗ ಪೈಲಟ್ ತರಬೇತಿಗೆ ಸೇರಿದ್ದಾನೆ. ಹೆಸರುಗಳು ಹೀಗೆ ಹತ್ತು ಬಗೆಯಾಗಿದ್ದರೆ ಗೊಂದಲವಾಗಿ ಅಪಾಯವಾಗುವುದಿಲ್ಲವೇ?

ಉತ್ತರ: ಮೊದಲು ನಿಮ್ಮ ಗಾಬರಿಯನ್ನು ಕಳೆಯುತ್ತೇನೆ. ಆ್ಯಪ್‌ನಲ್ಲಿ ನೀವು ನೋಡಿದ್ದು ಬಹುತೇಕ ನಿಮ್ಮ ಮಗಳಿದ್ದ ವಿಮಾನವೇ. ಟಿಕೆಟ್‌ನ ಸಂಖ್ಯೆಗೂ ಆಕಾಶದಲ್ಲಿ ಬಳಸುವ ಸಂಖ್ಯೆಗೂ ವ್ಯತ್ಯಾಸವಿರುವುದು ತಪ್ಪಲ್ಲ, ಬೇಕೆಂದೇ ಮಾಡಿದ ವ್ಯವಸ್ಥೆ. ನಿಮ್ಮ ಕೊನೆಯ ಪ್ರಶ್ನೆ ಮಾತ್ರ ಸರಿಯಾದ ಜಾಗವನ್ನೇ ಮುಟ್ಟಿದೆ. ಹೆಸರಿನ ಗೊಂದಲ ನಿಜವಾಗಿಯೂ ಅಪಾಯಕಾರಿ. ನಿಮಗೆ ವಿಚಿತ್ರವೆನಿಸಿದ ಈ ಹೆಸರುಗಳು ಬಂದಿರುವುದೇ ಆ ಗೊಂದಲವನ್ನು ತಪ್ಪಿಸುವುದಕ್ಕೆ.

ಹಾರುತ್ತಿರುವ ಒಂದು ವಿಮಾನಕ್ಕೆ ಏಕಕಾಲಕ್ಕೆ ಮೂರು ಗುರುತುಗಳಿರುತ್ತವೆ. ಮೊದಲನೆಯದು ವಿಮಾನದ ಮೈಮೇಲೆ ಬರೆದಿರುವ ನೋಂದಣಿ ಸಂಖ್ಯೆ. ಭಾರತದಲ್ಲಾದರೆ ಅದು ವಿಟಿ ಎಂದು ಆರಂಭವಾಗುತ್ತದೆ, ಕಾರಿನ ನಂಬರ್ ಪ್ಲೇಟ್ ಇದ್ದ ಹಾಗೆ. ಎರಡನೆಯದು ಟಿಕೆಟ್, ಲಗೇಜ್ ಚೀಟಿ ಮತ್ತು ನಿಲ್ದಾಣದ ಫಲಕಗಳಲ್ಲಿ ಕಾಣುವ ಸಂಖ್ಯೆ. ಬಿಎ, ಎಐ, 6ಇ ಮುಂತಾದ ಎರಡಕ್ಷರದ ಸಂಕೇತಗಳು ವಿಮಾನ ಕಂಪನಿಗಳ ಒಕ್ಕೂಟವಾದ ಐಎಟಿಎ ಕೊಟ್ಟವು, ಅವು ವ್ಯಾಪಾರದ ಬಳಕೆಗೆ. ಮೂರನೆಯದು ವಾಯು ಸಂಚಾರ ನಿಯಂತ್ರಣದವರಾದ ನಮಗೆ ಬೇಕಾದದ್ದು. ವಿಶ್ವಸಂಸ್ಥೆಯ ಅಂಗವಾಗಿ ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಪ್ರತಿ ಕಂಪನಿಗೂ ಮೂರಕ್ಷರದ ಸಂಕೇತವನ್ನೂ ಅದರ ಜೊತೆಗೆ ರೇಡಿಯೊದಲ್ಲಿ ಉಚ್ಚರಿಸುವ ಒಂದು ಹೆಸರನ್ನೂ ದಾಖಲಿಸಿಕೊಳ್ಳುತ್ತದೆ. ಬ್ರಿಟಿಷ್ ಏರ್‌ವೇಸ್‌ಗೆ ಬಿಎಡಬ್ಲ್ಯು ಮತ್ತು ಸ್ಪೀಡ್‌ಬರ್ಡ್, ಇಂಡಿಗೋಗೆ ಐಜಿಒ ಮತ್ತು ಐಫ್ಲೈ, ಏರ್ ಇಂಡಿಯಾಕ್ಕೆ ಎಐಸಿ ಮತ್ತು ಏರ್ ಇಂಡಿಯಾ. ಆ್ಯಪ್ ತೋರಿಸುವುದು ಈ ಮೂರಕ್ಷರದ ರೂಪವನ್ನು, ನಾವು ಕಿವಿಯಲ್ಲಿ ಕೇಳುವುದು ಆ ಹೆಸರನ್ನು. ಇದನ್ನೇ ಕಾಲ್‌ಸೈನ್ ಎನ್ನುತ್ತೇವೆ.

ಹಾಗಾದರೆ ಕಂಪನಿಯ ಹೆಸರನ್ನೇ ಕರೆದರೆ ಆಗದೇ? ಎಷ್ಟೋ ಕಂಪನಿಗಳು ಹಾಗೆಯೇ ಮಾಡುತ್ತವೆ. ಸ್ಪೈಸ್‌ಜೆಟ್ ರೇಡಿಯೊದಲ್ಲೂ ಸ್ಪೈಸ್‌ಜೆಟ್ಟೇ, ಲುಫ್ತಾನ್ಸಾ ಲುಫ್ತಾನ್ಸಾವೇ. ತೊಂದರೆ ಎಲ್ಲಿ ಎಂಬುದು ನಮ್ಮ ಹೆಡ್‌ಫೋನ್ ಹಾಕಿಕೊಂಡು ಐದು ನಿಮಿಷ ಕೂತರೆ ತಿಳಿಯುತ್ತದೆ. ವಿಮಾನ ಮತ್ತು ನಿಲ್ದಾಣದ ನಿಯಂತ್ರಣ ಗೋಪುರದ ನಡುವಿನ ಮಾತು ಸುಮಾರು 118ರಿಂದ 137 ಮೆಗಾಹರ್ಟ್ಸ್ ಕಂಪನಾಂಕಗಳಲ್ಲಿ, ಹಳೆಯ ಆಕಾಶವಾಣಿಯ ಮೀಡಿಯಂ ವೇವ್ ಬಳಸುತ್ತಿದ್ದ ಎಎಂ ಪದ್ಧತಿಯಲ್ಲೇ ಇಂದಿಗೂ ನಡೆಯುತ್ತದೆ. ಧ್ವನಿಯ ಮೇಲ್ಭಾಗವೆಲ್ಲ ಕತ್ತರಿಸಿ ಹೋಗಿರುವುದರಿಂದ ಸಕಾರ, ಫಕಾರಗಳ ಅಂಚು ಮೊಂಡಾಗಿರುತ್ತದೆ. ಅದರ ಮೇಲೆ ಎಂಜಿನ್ನಿನ ಮೊರೆತ, ಒಂದೇ ತರಂಗದಲ್ಲಿ ಹದಿನೈದು ಇಪ್ಪತ್ತು ವಿಮಾನಗಳು, ಕೊರಿಯಾದ ಇಂಗ್ಲಿಷ್, ಫ್ರೆಂಚ್ ಇಂಗ್ಲಿಷ್, ನಮ್ಮ ಧಾರವಾಡದ ಇಂಗ್ಲಿಷ್ ಎಲ್ಲವೂ ಬೆರೆತಿರುತ್ತವೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಗುಂಡಿ ಒತ್ತಿದರೆ ಇಬ್ಬರ ಮಾತೂ ಕೆಟ್ಟು ಕೀರಲು ಶಬ್ದವೊಂದೇ ಉಳಿಯುತ್ತದೆ. ಇಂಥಲ್ಲಿ ‘ಏರ್’, ‘ಏರ್‌ವೇಸ್’, ‘ಏರ್‌ಲೈನ್ಸ್’ ಎಂಬ ಪದಗಳು ಯಾರನ್ನೂ ಗುರುತಿಸುವುದಿಲ್ಲ. ಅವು ಎಲ್ಲರ ಹೆಸರಿನಲ್ಲೂ ಇವೆ. ತರಗತಿಯಲ್ಲಿ ನಾಲ್ವರು ಮಂಜುನಾಥರಿದ್ದಾಗ ನೀವು ಹಾಜರಿ ಹೇಗೆ ಕರೆಯುತ್ತಿದ್ದಿರಿ ಎಂಬುದನ್ನು ನೆನಪಿಸಿಕೊಳ್ಳಿ. ಪುಸ್ತಕದಲ್ಲಿ ಇನಿಷಿಯಲ್ ಇದ್ದರೂ ಬಾಯಲ್ಲಿ ಅವರು ಊರಿನ ಹೆಸರಿನಿಂದಲೋ ಅಡ್ಡಹೆಸರಿನಿಂದಲೋ ಬೇರೆಯಾಗುತ್ತಿದ್ದರು.

ಐಸಿಎಒ ನಿಯಮವೂ ಇದನ್ನೇ ಹೇಳುತ್ತದೆ. ರೇಡಿಯೊ ಹೆಸರು ಉಚ್ಚರಿಸಲು ಸುಲಭವಾಗಿರಬೇಕು, ಸಾಧ್ಯವಾದಷ್ಟು ಒಂದೇ ಪದದಲ್ಲಿರಬೇಕು, ಈಗಾಗಲೇ ಪಟ್ಟಿಯಲ್ಲಿರುವ ಯಾವ ಹೆಸರಿನ ಸದ್ದನ್ನೂ ಹೋಲಬಾರದು. ಸಂಕೇತಾಕ್ಷರಗಳು ಎಸ್‌ಒಎಸ್, ಪ್ಯಾನ್‌ನಂಥ ಅಪಾಯದ ಕರೆಗಳನ್ನು ನೆನಪಿಸಬಾರದು. ಕಂಪನಿ ತನ್ನ ದೇಶದ ಪ್ರಾಧಿಕಾರದ ಮೂಲಕ ಅರ್ಜಿ ಹಾಕುತ್ತದೆ. ನಮ್ಮಲ್ಲಿ ಅದು ಡಿಜಿಸಿಎ. ಒಪ್ಪಿಗೆಯಾದ ಹೆಸರುಗಳು ಐಸಿಎಒ ಹೊರತರುವ 8585 ಸಂಖ್ಯೆಯ ದಾಖಲೆಯಲ್ಲಿ ಪ್ರಕಟವಾಗುತ್ತವೆ, ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಹೀಗಾಗಿ ಗುಪ್ತನಾಮದ ಮಾತಿಗೆ ಆಧಾರವಿಲ್ಲ. ಜಾಹೀರಾತಿನ ವಾದವೂ ಅಷ್ಟಕ್ಕಷ್ಟೇ, ಏಕೆಂದರೆ ಟಿಕೆಟ್ ಕೊಳ್ಳುವವರ ಕಿವಿಗೆ ಈ ಹೆಸರು ಬೀಳುವುದೇ ಇಲ್ಲ. ಆದರೆ ಹಳೆಯ ಕಂಪನಿಗಳ ಹೆಸರುಗಳಲ್ಲಿ ಅಭಿಮಾನದ ಪಾಲು ಇದೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಐರ್ಲೆಂಡಿನ ಏರ್ ಲಿಂಗಸ್ ‘ಶ್ಯಾಮ್‌ರಾಕ್’ ಎಂಬ ತನ್ನ ನಾಡಿನ ಮೂರೆಲೆಯ ಗಿಡದ ಹೆಸರಿನಲ್ಲಿ ಹಾರುತ್ತದೆ, ದಕ್ಷಿಣ ಆಫ್ರಿಕಾದ ಕಂಪನಿ ‘ಸ್ಪ್ರಿಂಗ್‌ಬಾಕ್’ ಎಂಬ ಜಿಂಕೆಯ ಹೆಸರಿನಲ್ಲಿ, ಲೆಬನಾನಿನದು ‘ಸೀಡರ್ ಜೆಟ್’ ಎಂದು ತನ್ನ ಧ್ವಜದಲ್ಲಿರುವ ಮರದ ಹೆಸರಿನಲ್ಲಿ.

ಸ್ಪೀಡ್‌ಬರ್ಡ್‌ನ ಕಥೆ ಇವುಗಳಲ್ಲಿ ನನಗೆ ಹೆಚ್ಚು ಇಷ್ಟ. 1932ರಲ್ಲಿ ಥೇರ್ ಲೀ-ಎಲಿಯಟ್ ಎಂಬ ಕಲಾವಿದ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಕಂಪನಿಗೆ ಬರೆದುಕೊಟ್ಟ, ಕೆಲವೇ ಗೆರೆಗಳಲ್ಲಿ ಮೂಡಿದ ಚೂಪು ಹಕ್ಕಿಯ ಲಾಂಛನದ ಹೆಸರದು. ಅದೇ ವರ್ಷ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆ ವಿಮಾನ ಹಾರಿಸಿದರು. ಇಂಪೀರಿಯಲ್ ಏರ್‌ವೇಸ್ ಲಂಡನ್ನಿನಿಂದ ಕರಾಚಿಗೆ ತಂದ ಅಂಚೆ ಟಾಟಾ ವಿಮಾನವನ್ನೇರಿ ಮುಂಬಯಿ, ಅಲ್ಲಿಂದ ನಮ್ಮ ಬಳ್ಳಾರಿ, ಕೊನೆಗೆ ಮದ್ರಾಸು ಸೇರುತ್ತಿತ್ತು. ಇಂಪೀರಿಯಲ್ ಏರ್‌ವೇಸ್ ಮುಂದೆ ಬಿಒಎಸಿ ಎಂಬ ಸರ್ಕಾರಿ ನಿಗಮವಾಯಿತು, 1974ರಲ್ಲಿ ಅದು ಬ್ರಿಟಿಷ್ ಏರ್‌ವೇಸ್ ಆಯಿತು. ಕಂಪನಿಯ ಹೆಸರು ಎರಡು ಸಲ ಬದಲಾದರೂ, ಬಾಲದ ಬಣ್ಣ ಲೆಕ್ಕವಿಲ್ಲದಷ್ಟು ಸಲ ಬದಲಾದರೂ, ರೇಡಿಯೊದಲ್ಲಿ ಆ ಹಕ್ಕಿ ಉಳಿಯಿತು. ಅದೇ ಕಂಪನಿಯ ಶಬ್ದಾತೀತ ಕಾನ್‌ಕಾರ್ಡ್ ‘ಸ್ಪೀಡ್‌ಬರ್ಡ್ ಕಾನ್‌ಕಾರ್ಡ್’ ಎಂದೇ ಕರೆದುಕೊಳ್ಳುತ್ತಿತ್ತು.

ಬೇರೆ ಕೆಲವು ಹೆಸರುಗಳು ಅನಿವಾರ್ಯದಿಂದ ಬಂದವು. ‘ವರ್ಜಿನ್’ ಎಂಬ ಪದ ಆಗಲೇ ಲಂಡನ್ನಿನ ವರ್ಜಿನ್ ಅಟ್ಲಾಂಟಿಕ್‌ನ ಪಾಲಾಗಿತ್ತು. ಅಮೆರಿಕದ ವರ್ಜಿನ್ ಅಮೆರಿಕ ಕ್ಯಾಲಿಫೋರ್ನಿಯಾದ ಹೆಮ್ಮರದ ಹೆಸರಾದ ‘ರೆಡ್‌ವುಡ್’ ಅನ್ನು ಇಟ್ಟುಕೊಂಡಿತು, ಆಸ್ಟ್ರೇಲಿಯಾದ ಸೋದರ ಕಂಪನಿ ‘ವೆಲಾಸಿಟಿ’ ಆಯಿತು. ತೈವಾನಿನ ಚೈನಾ ಏರ್‌ಲೈನ್ಸ್ ಮತ್ತು ಬೀಜಿಂಗ್‌ನ ಏರ್ ಚೈನಾ ಒಂದೇ ತರಂಗದಲ್ಲಿ ಮಾತಾಡಿದರೆ ಏನಾಗಬಹುದೆಂದು ಊಹಿಸಿ. ಮೊದಲನೆಯದು ‘ಡೈನಾಸ್ಟಿ’ ಆಗಿರುವುದರಿಂದ ನಾವು ಬದುಕಿಕೊಂಡಿದ್ದೇವೆ.

ನಮ್ಮ ದೇಶದ ಹೆಸರುಗಳನ್ನು ಇದೇ ಕಿವಿಯಿಂದ ಕೇಳಿ ನೋಡಿ. ಏರ್ ಇಂಡಿಯಾ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಎರಡೂ ತಮ್ಮ ಪೂರ್ಣ ಹೆಸರಿನಲ್ಲಿ ಕರೆದುಕೊಂಡಿದ್ದರೆ, ಎರಡು ಪದ ಮುಗಿಯುವ ತನಕ ಯಾರು ಮಾತಾಡುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ. ಎರಡನೆಯದರ ರೇಡಿಯೊ ಹೆಸರು ‘ಎಕ್ಸ್‌ಪ್ರೆಸ್ ಇಂಡಿಯಾ’. ಪದಗಳನ್ನು ಹಿಂದುಮುಂದು ಮಾಡಿದ್ದಷ್ಟೇ, ಆದರೂ ಮೊದಲ ಉಸಿರಿನಲ್ಲೇ ಎರಡೂ ಬೇರೆಯಾಗುತ್ತವೆ. ಇಂಡಿಗೋ ಮತ್ತು ಇಂಡಿಯಾ ಎರಡರ ಆರಂಭವೂ ಒಂದೇ. ಐಫ್ಲೈ ಎಂದಾಗ ಆ ಸಮಸ್ಯೆಯಿಲ್ಲ. ಬೆಂಗಳೂರಿನಲ್ಲಿ ನೆಲೆಯಿದ್ದ ಏರ್ ಏಷ್ಯಾ ಇಂಡಿಯಾ ‘ರೆಡ್ ನೈಟ್’ ಎಂದು ಹಾರುತ್ತಿತ್ತು. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ‘ಡೆಕ್ಕನ್’ ಆಗಿತ್ತು. ಚಿಕ್ಕದು, ಗಟ್ಟಿ ವ್ಯಂಜನಗಳಿರುವುದು, ಎಂಥ ಗದ್ದಲದಲ್ಲೂ ಕೇಳುವಂಥದ್ದು. ಒಳ್ಳೆಯ ಕಾಲ್‌ಸೈನ್ ಹೇಗಿರಬೇಕೆಂದು ಹೊಸಬರು ಕೇಳಿದಾಗ ನಾನು ಈಗಲೂ ಅದನ್ನೇ ಉದಾಹರಿಸುತ್ತೇನೆ. ಇನ್ನೊಂದು ತಮಾಷೆಯೂ ಇದೆ: ಬಾಂಗ್ಲಾದೇಶದ ಬಿಮಾನ್ ಕಂಪನಿಯ ಮೂರಕ್ಷರದ ಸಂಕೇತ ಬಿಬಿಸಿ. ಆ್ಯಪ್‌ನಲ್ಲಿ ಅದನ್ನು ಕಂಡು ಲಂಡನ್ನಿನ ಸುದ್ದಿಗಾರರು ಹೊರಟಿದ್ದಾರೆಂದು ತಿಳಿಯಬೇಡಿ.

ಇಷ್ಟೆಲ್ಲ ಮುತುವರ್ಜಿ ಹೆಸರಿಗೇ ಏಕೆ, ಸಂಖ್ಯೆ ಇಲ್ಲವೇ ಎಂದು ಕೇಳಬಹುದು. ನನ್ನ ಅನುಭವದಲ್ಲಿ ಸಂಖ್ಯೆ ಜಾರುತ್ತದೆ, ಪದ ಜಾರುವುದಿಲ್ಲ. 2009ರ ಜನವರಿ 15ರಂದು ನ್ಯೂಯಾರ್ಕಿನ ಲಗಾರ್ಡಿಯಾ ನಿಲ್ದಾಣದಿಂದ ಹೊರಟ ಯುಎಸ್ ಏರ್‌ವೇಸ್ 1549 ವಿಮಾನಕ್ಕೆ ಹಕ್ಕಿಗಳು ಬಡಿದು ಎರಡೂ ಎಂಜಿನ್‌ಗಳು ಶಕ್ತಿ ಕಳೆದುಕೊಂಡವು. ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿ 155 ಮಂದಿಯನ್ನೂ ಉಳಿಸಿದರು. ಆ ದಿನದ ಸಂಭಾಷಣೆಯ ದಾಖಲೆಯಲ್ಲಿ ಅವರು ತಮ್ಮನ್ನು ‘ಕ್ಯಾಕ್ಟಸ್ 1539’ ಎಂದು ಕರೆದುಕೊಂಡಿದ್ದಾರೆ. ಉತ್ತರ ಕೊಟ್ಟ ಕಂಟ್ರೋಲರ್ ಅವರನ್ನು ‘ಕ್ಯಾಕ್ಟಸ್ 1529’ ಎಂದಿದ್ದಾರೆ. ಇಬ್ಬರೂ ನುರಿತವರು, ಇಬ್ಬರ ಅಂಕಿಯೂ ತಪ್ಪು. ಕ್ಯಾಕ್ಟಸ್ ಎಂಬ ಪದ ಮಾತ್ರ ಇಬ್ಬರ ಬಾಯಲ್ಲೂ ಸರಿಯಾಗಿತ್ತು.

ಅದೇ ಕ್ಯಾಕ್ಟಸ್ ಇಂಥ ಹೆಸರುಗಳ ದೋಷವನ್ನೂ ತೋರಿಸುತ್ತದೆ. ಅದು ಮೂಲತಃ ಅರಿಜೋನಾದ ಮರುಭೂಮಿಯಲ್ಲಿದ್ದ ಅಮೆರಿಕ ವೆಸ್ಟ್ ಕಂಪನಿಯ ಹೆಸರು. 2005ರಲ್ಲಿ ಆ ಕಂಪನಿ ಯುಎಸ್ ಏರ್‌ವೇಸ್ ಜೊತೆ ವಿಲೀನವಾದ ಮೇಲೆ ಮೈಮೇಲೆ ಯುಎಸ್ ಏರ್‌ವೇಸ್ ಎಂದು ಬರೆದಿದ್ದ ವಿಮಾನಗಳೂ ಕ್ಯಾಕ್ಟಸ್ ಆದವು. 2015ರಲ್ಲಿ ಆ ಹೆಸರು ನಿಲ್ಲುವವರೆಗೂ, ನೆಲದ ಮೇಲೆ ಅಲ್ಲಿನ ಕಂಟ್ರೋಲರ್ ಒಬ್ಬ ಪೈಲಟ್‌ಗೆ ‘ಮುಂದಿರುವ ಕ್ಯಾಕ್ಟಸ್ ಏರ್‌ಬಸ್ಸನ್ನು ಹಿಂಬಾಲಿಸಿ’ ಎಂದರೆ, ಹೊರನಾಡಿನಿಂದ ಬಂದ ಆತ ಕಿಟಕಿಯಿಂದ ಕ್ಯಾಕ್ಟಸ್ ಎಂಬ ಬರಹವನ್ನು ಹುಡುಕಬೇಕಾಗುತ್ತಿತ್ತು. ಅದು ಎಲ್ಲೂ ಇರುತ್ತಿರಲಿಲ್ಲ. ಕಿವಿಗೆ ಒಳ್ಳೆಯದಾದ ಹೆಸರು ಕಣ್ಣಿಗೆ ತೊಡಕಾಗಬಹುದು. ಆದ್ದರಿಂದ ಇಂಥಲ್ಲಿ ವಿಮಾನದ ಮಾದರಿಯನ್ನೂ ಬಾಲದ ಬಣ್ಣವನ್ನೂ ಸೇರಿಸಿ ಹೇಳುವುದು ವಾಡಿಕೆ.

ಇನ್ನು ನಿಮ್ಮನ್ನು ಗಾಬರಿಪಡಿಸಿದ ಅಕ್ಷರ ಬೆರೆತ ಸಂಖ್ಯೆಗೆ ಬರುತ್ತೇನೆ. ಹೆಸರು ಬೇರೆ ಬೇರೆ ಇದ್ದರೂ ಒಂದೇ ಕಂಪನಿಯ ಹತ್ತು ವಿಮಾನಗಳು ಒಂದೇ ತರಂಗದಲ್ಲಿದ್ದಾಗ ಎಲ್ಲರ ಮೊದಲ ಪದವೂ ಒಂದೇ ಆಗುತ್ತದೆ. ಬೆಳಗಿನ ಹೊತ್ತು ಬೆಂಗಳೂರಿನಲ್ಲಿ ಐಫ್ಲೈಗಳ ಮೆರವಣಿಗೆಯೇ ಇರುತ್ತದೆ. ನಾನು ಕೆಲಸದಲ್ಲಿದ್ದಾಗ ಒಂದು ರಾತ್ರಿ ಒಂದೇ ಕಂಪನಿಯ ಎರಡು ವಿಮಾನಗಳು, ಕೊನೆಯ ಎರಡು ಅಂಕಿ ಮಾತ್ರ ಅದಲುಬದಲಾದ ಸಂಖ್ಯೆಗಳಲ್ಲಿ, ನನ್ನ ತರಂಗಕ್ಕೆ ಬಂದವು. ಒಂದಕ್ಕೆ ಕೆಳಗಿಳಿಯಲು ಹೇಳಿದೆ. ಆದೇಶವನ್ನು ತಿರುಗಿ ಹೇಳಿದ್ದು ಇನ್ನೊಂದು. ಸಂಖ್ಯೆ ನನ್ನ ಕಿವಿಗೆ ಸರಿಯಾಗಿಯೇ ಕೇಳಿಸಿತ್ತು. ಮೊದಲ ವಿಮಾನದಲ್ಲಿ ಮಾತಾಡುತ್ತಿದ್ದವರು ಮಹಿಳೆ, ಈಗ ಬಂದದ್ದು ಗಂಡಸಿನ ದನಿ ಎಂಬ ಒಂದೇ ಕಾರಣಕ್ಕೆ ನನಗೆ ಅನುಮಾನ ಬಂದು ತಡೆದೆ. ಆಮೇಲೆ ಚಹಾ ಕುಡಿಯಲು ಲೋಟ ಹಿಡಿದಾಗ ಕೈ ನಡುಗುತ್ತಿತ್ತು.

ಇದಕ್ಕೆ ಕೆಲವು ಪರಿಹಾರಗಳಿವೆ, ಯಾವುದೂ ಪೂರ್ಣವಲ್ಲ. ವೇಳಾಪಟ್ಟಿ ಮಾಡುವಾಗಲೇ ಹೋಲುವ ಸಂಖ್ಯೆಗಳನ್ನು ಒಂದೇ ಹೊತ್ತಿಗೆ ಕೊಡದಿರುವುದು ಅತ್ಯುತ್ತಮ. ಆದರೆ ಒಂದು ವಿಮಾನ ತಡವಾದರೆ ಸಾಕು, ಆ ಲೆಕ್ಕಾಚಾರ ಕೆಡುತ್ತದೆ. ಯೂರೋಪಿನಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ದಾರಿ, ಟಿಕೆಟ್ ಸಂಖ್ಯೆಯನ್ನು ಬಿಟ್ಟು ಅಂಕಿ ಮತ್ತು ಅಕ್ಷರ ಬೆರೆತ ಬೇರೆಯದೇ ಗುರುತನ್ನು ಬಳಸುವುದು. ವಿಮಾನಯಾನ ಯೋಜನೆಯ ನಮೂನೆಯಲ್ಲಿ ಗುರುತಿಗೆ ಏಳು ಸ್ಥಾನಗಳಿವೆ. ಮೂರು ಕಂಪನಿಯ ಸಂಕೇತಕ್ಕೆ ಹೋದರೆ ಉಳಿದ ನಾಲ್ಕರಲ್ಲಿ ಅಂಕಿಯನ್ನೂ ಅಕ್ಷರವನ್ನೂ ಬೆರೆಸಬಹುದು. ನಿಮ್ಮ ಮಗಳ ಎರಡನೆಯ ವಿಮಾನದಲ್ಲಿ ಆದದ್ದು ಇದೇ. ಇದರಿಂದ ಗೊಂದಲ ಕಡಿಮೆಯಾಗುತ್ತದೆ, ಆದರೆ ದಿನಕ್ಕೆ ನಾಲ್ಕು ಸಲ ಹಾರುವ ಪೈಲಟ್ ನಾಲ್ಕು ಹೊಸ ಗುರುತುಗಳನ್ನು ನೆನಪಿಡಬೇಕು. ಹಿಂದಿನ ಹಾರಾಟದ ಹೆಸರಿನಲ್ಲೇ ಉತ್ತರಿಸುವವರನ್ನು ನಾನೇ ಕೇಳಿದ್ದೇನೆ. ಅಕ್ಷರಗಳನ್ನು ಆಲ್ಫಾ, ಬ್ರಾವೊ, ಚಾರ್ಲಿ ಎಂದು ಬಿಡಿಸಿ ಹೇಳುವುದರಿಂದ ಮಾತೂ ಉದ್ದವಾಗುತ್ತದೆ. ಅಲ್ಲೂ ಹೆಸರಿನ ಕಾಟ ತಪ್ಪಿಲ್ಲ: ಆ ವರ್ಣಮಾಲೆಯಲ್ಲಿ ಡಿ ಅಕ್ಷರ ‘ಡೆಲ್ಟಾ’. ಡೆಲ್ಟಾ ಎಂಬ ವಿಮಾನ ಕಂಪನಿಯ ತವರಾದ ಅಮೆರಿಕದ ಅಟ್ಲಾಂಟಾದಲ್ಲಿ ಡಿ ಟ್ಯಾಕ್ಸಿವೇಯನ್ನು, ಅಂದರೆ ವಿಮಾನಗಳು ನೆಲದ ಮೇಲೆ ಸಾಗುವ ದಾರಿಯನ್ನು, ಬಹುಕಾಲ ‘ಡಿಕ್ಸಿ’ ಎನ್ನಬೇಕಾಗಿತ್ತು. ಮೂರನೆಯ ದಾರಿ ನಮ್ಮ ಕೈಯಲ್ಲೇ ಇದೆ. ಎರಡು ಹೆಸರು ಹೋಲುತ್ತಿದ್ದರೆ ತಾತ್ಕಾಲಿಕವಾಗಿ ಬೇರೆ ಬಗೆಯ ಕಾಲ್‌ಸೈನ್ ಬಳಸುವಂತೆ ನಾವು ಪೈಲಟ್‌ಗೆ ಸೂಚಿಸಬಹುದು. ಸಮುದ್ರದ ಮೇಲೆ ಹಾರುವಾಗ ಅಕ್ಷರರೂಪದ ಸಂದೇಶಗಳೂ ಹೋಗಿಬರುತ್ತವೆ, ಅಲ್ಲಿ ಕಿವಿಯ ಪ್ರಶ್ನೆಯೇ ಇಲ್ಲ. ಆದರೆ ಇಳಿಯುವ ಹೊತ್ತಿನ ಅವಸರಕ್ಕೆ ಅದು ಒಗ್ಗುವುದಿಲ್ಲ.

ಅಮೆರಿಕದ ಅಧ್ಯಕ್ಷರ ವಿಮಾನಕ್ಕೆ ಏರ್ ಫೋರ್ಸ್ ಒನ್ ಎಂಬ ಹೆಸರು ಬಂದದ್ದೂ ಇಂಥ ಗೊಂದಲದಿಂದಲೇ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1950ರ ದಶಕದಲ್ಲಿ ಐಸೆನ್‌ಹೋವರ್ ಅವರಿದ್ದ ‘ಏರ್ ಫೋರ್ಸ್ 8610’ ಮತ್ತು ಈಸ್ಟರ್ನ್ ಕಂಪನಿಯ 8610 ಒಂದೇ ವಾಯುಪ್ರದೇಶಕ್ಕೆ ಬಂದವು; ಆ ಬಳಿಕ ಅಧ್ಯಕ್ಷರಿರುವ ವಾಯುಪಡೆಯ ವಿಮಾನಕ್ಕೆ ಬೇರಾರಿಗೂ ಇಲ್ಲದ ಕರೆ ಮೀಸಲಾಯಿತು.

ಅಪಾಯದ ಮಾತು ಬಂದಾಗ ಟೆನೆರೀಫ್ ದ್ವೀಪದ ದುರಂತವನ್ನು ಬಿಟ್ಟು ಮುಂದೆ ಹೋಗಲಾಗದು. 1977ರ ಮಾರ್ಚ್ 27ರಂದು ಮಂಜು ಮುಸುಕಿದ ರನ್‌ವೇ ಮೇಲೆ ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಕಂಪನಿಗಳ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಪ್ಯಾನ್ ಆಮ್‌ನ ಕಾಲ್‌ಸೈನ್ ‘ಕ್ಲಿಪ್ಪರ್’. ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಎಂದು ಕ್ಲಿಪ್ಪರ್ ಹೇಳಿದ ಕ್ಷಣದಲ್ಲೇ ಗೋಪುರವೂ ಮಾತಾಡಿದ್ದರಿಂದ ಕೆಎಲ್‌ಎಂ ಚಾಲಕರ ಕಿವಿಗೆ ಕೀರಲು ಶಬ್ದ ಬೆರೆತು ಆ ಮಾತು ಸ್ಪಷ್ಟವಾಗಲಿಲ್ಲ. ಅದರ ಬೆನ್ನಿಗೇ ಗೋಪುರ, ಅಲ್ಲಿಯವರೆಗೂ ಕ್ಲಿಪ್ಪರ್ ಎನ್ನುತ್ತಿದ್ದ ವಿಮಾನವನ್ನು ‘ಪಾಪಾ ಆಲ್ಫಾ 1736’ ಎಂದು ಕರೆದು ರನ್‌ವೇ ತೆರವಾದಾಗ ತಿಳಿಸಲು ಹೇಳಿತು. ದುರಂತಕ್ಕೆ ಕಾರಣಗಳು ಹಲವು, ಮುಖ್ಯವಾದದ್ದು ಅನುಮತಿಯಿಲ್ಲದೆ ಕೆಎಲ್‌ಎಂ ಟೇಕಾಫ್ ಆರಂಭಿಸಿದ್ದು; ಹೆಸರು ಬದಲಿಸಿದ್ದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಕಿವಿ ಒಂದು ಹೆಸರಿಗೆ ಕಾದಿರುವಾಗ ಇನ್ನೊಂದು ಹೆಸರು ಬಂದರೆ ಎಚ್ಚರಿಕೆಯ ಮಾತೂ ಬೇರೆಯವರಿಗೆ ಸಂಬಂಧಿಸಿದ್ದೆಂದು ಹಾದುಹೋಗಬಹುದು.

ವಿಟಿ ವಿಷಯವನ್ನು ಬೇಗ ಮುಗಿಸುತ್ತೇನೆ. ಅದು ವೈಸರಾಯ್ ಬಿಟ್ಟುಹೋದ ಹೆಸರೆಂಬ ಮಾತು ಸಂಸತ್ತಿನವರೆಗೂ ಹೋಗಿದೆ, ಆದರೂ ಅದಕ್ಕೆ ಆಧಾರವಿಲ್ಲ. 1927ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ರೇಡಿಯೊ ಸಮ್ಮೇಳನ ಅಕ್ಷರಗಳನ್ನು ದೇಶಗಳಿಗೆ ಹಂಚಿದಾಗ ವಿ ಅಕ್ಷರದ ಗುಂಪು ಬ್ರಿಟನ್ನಿನ ಅಧೀನ ನಾಡುಗಳಿಗೆ ಬಂತು, ಅದರೊಳಗೆ ವಿಟಿಯಿಂದ ವಿಡಬ್ಲ್ಯುವರೆಗಿನ ಪಾಲು ಭಾರತದ್ದಾಯಿತು. ಆಸ್ಟ್ರೇಲಿಯಾದ ವಿಮಾನಗಳು ಇಂದಿಗೂ ವಿಎಚ್; ಅಲ್ಲಿ ವೈಸರಾಯ್ ಎಂಬವನು ಇರಲೇ ಇಲ್ಲ. ನಮ್ಮ ಹ್ಯಾಮ್ ರೇಡಿಯೊ ಹವ್ಯಾಸಿಗಳ ಕರೆಗಳು ವಿಯು ಎಂದು ಆರಂಭವಾಗುವುದೂ ಅದೇ ಪಾಲಿನಿಂದ. ವಸಾಹತಿನ ನೆರಳು ವಿ ಅಕ್ಷರದಲ್ಲಿದೆ ಎನ್ನಬಹುದು, ವೈಸರಾಯ್ ಮಾತ್ರ ಅದರಲ್ಲಿಲ್ಲ.

ಮುಂದಿನ ಸಲ ಮಗಳ ವಿಮಾನವನ್ನು ನೋಡುವಾಗ ಹೀಗೆ ಮಾಡಿ. ಟಿಕೆಟ್ ಮೇಲೆ ಬೇರೆ ಕಂಪನಿ ಹಾರಿಸುತ್ತದೆಂಬ ಟಿಪ್ಪಣಿ ಇದೆಯೇ ನೋಡಿ; ಒಪ್ಪಂದದ ಮೇರೆಗೆ ಒಂದೇ ವಿಮಾನದಲ್ಲಿ ಮೂರು ನಾಲ್ಕು ಕಂಪನಿಗಳು ತಮ್ಮ ತಮ್ಮ ಸಂಖ್ಯೆಯಲ್ಲಿ ಟಿಕೆಟ್ ಮಾರಿರುತ್ತವೆ, ಕಾಲ್‌ಸೈನ್ ಮಾತ್ರ ಹಾರಿಸುವವರದು ಒಂದೇ. ಆ್ಯಪ್‌ನಲ್ಲಿ ಕಾಲ್‌ಸೈನ್ ಬದಲು ಟಿಕೆಟ್ ಸಂಖ್ಯೆಯಿಂದಲೇ ಹುಡುಕಿ, ಹೊರಡುವ ವೇಳೆಯನ್ನೂ ತಲುಪುವ ಊರನ್ನೂ ಹೋಲಿಸಿ. ಒಮ್ಮೆ ಸಿಕ್ಕಮೇಲೆ ನೋಂದಣಿ ಸಂಖ್ಯೆಯನ್ನು ಗುರುತು ಹಾಕಿಕೊಂಡರೆ ಆ ಹಾರಾಟ ಮುಗಿಯುವ ತನಕ ಅದು ಬದಲಾಗುವುದಿಲ್ಲ.

ನಿಮ್ಮ ಅಣ್ಣನ ಮಗನಿಗೆ ರೇಡಿಯೊ ಪರವಾನಗಿ ಪರೀಕ್ಷೆಯಲ್ಲಿ ಈ ವಿಷಯ ಬಂದೇ ಬರುತ್ತದೆ, ಆದ್ದರಿಂದ ಇಷ್ಟು ತಿಳಿಸಿ. ತರಬೇತಿಯ ಚಿಕ್ಕ ವಿಮಾನದಲ್ಲಿ ಆತನ ಕಾಲ್‌ಸೈನ್ ಎಂದರೆ ನೋಂದಣಿಯೇ, ವಿಕ್ಟರ್ ಟ್ಯಾಂಗೊ ಎಂದು ಆರಂಭಿಸಿ ಐದೂ ಅಕ್ಷರಗಳು. ಸಂಪರ್ಕ ಸರಿಯಾಗಿ ಏರ್ಪಟ್ಟು, ಗೊಂದಲಕ್ಕೆ ಆಸ್ಪದವಿಲ್ಲವೆಂದು ಕಂಡಾಗ ಕಂಟ್ರೋಲರ್ ಅದನ್ನು ಮೊಟಕು ಮಾಡಬಹುದು. ಅವರು ಮಾಡಿದ ಮೇಲಷ್ಟೇ ಪೈಲಟ್ ಮಾಡಬೇಕು. ಮುಂದೆ ಯಾವುದಾದರೂ ಕಂಪನಿ ಸೇರಿ ಅದರ ರೇಡಿಯೊ ಹೆಸರು ಸಿಕ್ಕಮೇಲೆ ಈ ಮೊಟಕಿನ ಸೌಲಭ್ಯ ಇರುವುದಿಲ್ಲ. ಕಂಪನಿಯ ಹೆಸರು ಮತ್ತು ಹಾರಾಟದ ಸಂಖ್ಯೆ ಸೇರಿದ ಕಾಲ್‌ಸೈನ್‌ಗೆ ನಿಯಮದಲ್ಲಿ ಹ್ರಸ್ವರೂಪವೇ ಇಲ್ಲ. ಆದರೂ ಅವಸರದಲ್ಲಿ ಹೆಸರನ್ನು ನುಂಗಿ ಬರೀ ಅಂಕಿ ಹೇಳುವ ಹಿರಿಯ ಪೈಲಟ್‌ಗಳು ಆತನಿಗೆ ಸಿಗುತ್ತಾರೆ. ಅವರಿಂದ ಬೇರೆ ಏನನ್ನು ಬೇಕಾದರೂ ಕಲಿಯಲಿ, ಇದೊಂದನ್ನು ಬಿಟ್ಟು.